ಫೈಬರ್ ದೋಣಿಗೆ ತುಕ್ಕು ಬಳಿದವನ ಪ್ರಶ್ನೆ: 1/35 ಅಳತೆಯ ನದಿ ಗಸ್ತು ದೋಣಿ

ಚಂದ್ರಗಿರಿ ದಡ (ಕಾಸರಗೋಡು):

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನ ಕೆಲಸ ಮುಗಿಸಿ, ಊಟವಾದ ಮೇಲೆ ದಿನಕ್ಕೆ ಒಂದು ಗಂಟೆಯಂತೆ ಕುಳಿತು, ನಾಲ್ಕು ತಿಂಗಳಲ್ಲಿ ತಮಿಯಾ ಕಂಪೆನಿಯ 1/35 ಅಳತೆಯ ಪಿ.ಬಿ.ಆರ್. ಮಾರ್ಕ್ 2 ನದಿ ಗಸ್ತು ದೋಣಿಯ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸಿ ಮುಗಿಸಿದ್ದೇನೆ. ಮೆಕಾಂಗ್ ನದಿ ಕವಲೊಡೆದು ಸಮುದ್ರ ಸೇರುವ ಕಡೆ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ಓಡಿಸಿದ ದೋಣಿ ಇದು ಎಂಬುದು ಇಲ್ಲಿ ಹೆಚ್ಚಿನವರಿಗೆ ತಿಳಿದೇ ಇದೆ. ನನ್ನ ಪೆಟ್ಟಿಗೆ ಕೈಬದಲಾಗಿ ಬಂದದ್ದು. ಸೂಚನಾಪತ್ರದ ಅರ್ಧ ಭಾಗ ಹರಿದುಹೋಗಿತ್ತು. ಉಳಿದದ್ದನ್ನು ಅಂದಾಜಿನ ಮೇಲೆ ಜೋಡಿಸಿದೆ.

ಈಗಿನ ತೊಂದರೆ ಏನೆಂದರೆ, ಜೋಡಣೆ ಅಚ್ಚುಕಟ್ಟಾಗಿದ್ದರೂ ನೋಡಿದವರಿಗೆ ಅದು ನದಿಯ ದೋಣಿ ಎಂದು ಅನಿಸುವುದಿಲ್ಲ. ಕಡುಹಸಿರು ಬಳಿದು, ಸಂದುಗಳಿಗೆ ಕಪ್ಪು ಇಳಿಸಿ, ಪ್ರತಿಯೊಂದು ಕೊಕ್ಕೆ ಮತ್ತು ಮೊಳೆಯ ಕೆಳಗೆ ತುಕ್ಕಿನ ಗೆರೆಗಳನ್ನು ಬಹಳ ತಾಳ್ಮೆಯಿಂದ ಎಳೆದಿದ್ದೇನೆ. ಮೊನ್ನೆ ಮನೆಗೆ ಬಂದ ಅಕ್ಕನ ಮಗ ಅದನ್ನು ಕಪಾಟಿನಲ್ಲಿ ನೋಡಿ, "ಮಾವ, ಇದು ಗುಜರಿಗೆ ಹಾಕಿದ ಹಡಗೋ?" ಎಂದು ಕೇಳಿದ. ಅಂದಿನಿಂದ ಅದನ್ನು ಮುಟ್ಟಲು ಮನಸ್ಸಾಗಿಲ್ಲ.

ಇನ್ನೆರಡು ಪ್ರಶ್ನೆಗಳಿವೆ. ಪೆಟ್ಟಿಗೆಯಲ್ಲಿ ಪ್ರೊಪೆಲ್ಲರ್‌ಗಳು ಸಿಗಲಿಲ್ಲ. ಹಿಂದಿನವರು ಕಳೆದುಕೊಂಡಿರಬೇಕು ಎಂದುಕೊಂಡು ಬೇರೊಂದು ದೋಣಿಯ ಬಿಡಿಭಾಗದಿಂದ ಎರಡನ್ನು ತೆಗೆದಿಟ್ಟಿದ್ದೇನೆ. ಅವನ್ನು ಎಲ್ಲಿ ಅಂಟಿಸಬೇಕು? ಮೂತಿಯ ಮೇಲೆ 105 ಎಂಬ ಸಂಖ್ಯೆಯನ್ನು ಬರೆಯುವ ಆಸೆಯಿದೆ, ಅದು ಸರಿಯಾಗುತ್ತದೆಯೇ?

ಕುಂಬಳೆ ಮಾಷ್ಟ್ರು:

ಮೊದಲು ಆ ಪ್ರೊಪೆಲ್ಲರ್‌ಗಳನ್ನು ಅವು ಬಂದ ದೋಣಿಗೇ ಹಿಂತಿರುಗಿಸಿ. ಈ ದೋಣಿಗೆ ಪ್ರೊಪೆಲ್ಲರ್ ಇಲ್ಲ, ಚುಕ್ಕಾಣಿಯ ಹಲಗೆಯೂ ಇಲ್ಲ. ಆದ್ದರಿಂದ ನಿಮ್ಮ ಪೆಟ್ಟಿಗೆಯಿಂದ ಏನೂ ಕಳೆದುಹೋಗಿಲ್ಲ. ಒಡಲಿನ ತಳದಲ್ಲಿರುವ ಜಾಲರಿಯ ಮೂಲಕ ನೀರನ್ನು ಹೀರಿ, ಹಿಂಬದಿಯ ಎರಡು ಕೊಳವೆಗಳಿಂದ ರಭಸವಾಗಿ ಹೊರದೂಡುವ ಜೆಟ್ ಪಂಪುಗಳಿಂದ ಅದು ಓಡುತ್ತಿತ್ತು. ಕೊಳವೆಯ ಬಾಯಿಯನ್ನು ಎಡಬಲಕ್ಕೆ ತಿರುಗಿಸಿದರೆ ದೋಣಿ ತಿರುಗುತ್ತದೆ. ಬಾಯಿಗೆ ಬಾಗಿದ ಮುಚ್ಚಳವನ್ನು ಅಡ್ಡ ಇಳಿಸಿದರೆ ನೀರು ಮುಂದಕ್ಕೆ ಹೊರಳಿ ದೋಣಿ ಹಿಂದಕ್ಕೆ ಬರುತ್ತದೆ. ಪೂರ್ಣ ವೇಗದಲ್ಲಿ ಓಡುತ್ತಿದ್ದ ದೋಣಿಯನ್ನು ಅದರ ಉದ್ದದ ಕೆಲವೇ ಪಟ್ಟು ದೂರದಲ್ಲಿ ನಿಲ್ಲಿಸಬಹುದಾಗಿತ್ತು, ನಿಂತಲ್ಲೇ ತಿರುಗಿಸಬಹುದಾಗಿತ್ತು.

ಹೀಗೆ ಮಾಡಲು ಕಾರಣ ನದಿಯೇ. ತುಂಬಿದ ಭಾರದಲ್ಲೂ ಸುಮಾರು ಎರಡು ಅಡಿ ನೀರಿದ್ದರೆ ಸಾಕು ಎಂಬಂತೆ ಅದನ್ನು ರೂಪಿಸಲಾಗಿತ್ತು. ಮರಳದಿಬ್ಬ, ಕೊಳೆತ ಮರದ ಬೇರು, ಮೀನಿನ ಬಲೆ ತುಂಬಿದ ಕಾಲುವೆಗಳಲ್ಲಿ ತಳದಿಂದ ಕೆಳಗೆ ಚಾಚಿದ ಪ್ರೊಪೆಲ್ಲರ್ ಎಷ್ಟು ದಿನ ಬಾಳೀತು? ನೌಕಾಪಡೆಯ 116ನೆಯ ಕಾರ್ಯಪಡೆ 1965ರ ಡಿಸೆಂಬರಿನಲ್ಲಿ ರಚನೆಯಾದಾಗ ಹೊಸ ಯುದ್ಧನೌಕೆಯೊಂದನ್ನು ವಿನ್ಯಾಸಗೊಳಿಸುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಹಟೆರಾಸ್ ಕಂಪೆನಿಯ ವಿಹಾರದೋಣಿಯ ಫೈಬರ್ ಒಡಲನ್ನೇ ಆಧಾರವಾಗಿಟ್ಟುಕೊಂಡು, ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮಿನಲ್ಲಿದ್ದ ಯುನೈಟೆಡ್ ಬೋಟ್‌ಬಿಲ್ಡರ್ಸ್ ಇವನ್ನು ಕಟ್ಟಿತು. 1966ರ ಮಾರ್ಚಿನಲ್ಲಿ ಮೊದಲ ದೋಣಿಗಳು ವಿಯೆಟ್ನಾಂ ತಲುಪಿದವು. ಸಾಗರದ ನೌಕಾಪಡೆ ನೀಲಿ ನೀರಿನದಾದರೆ ಇವರದು ಕಂದು ನೀರಿನ ನೌಕಾಪಡೆ ಎಂಬ ಹೆಸರು ಬಂತು.

ಇನ್ನು 105. ಅದು ಜೇಮ್ಸ್ ಇ. ವಿಲಿಯಮ್ಸ್ ಅವರ ದೋಣಿಯ ಸಂಖ್ಯೆ. 1966ರ ಅಕ್ಟೋಬರ್ 31ರ ಕಾಳಗಕ್ಕಾಗಿ ಅವರಿಗೆ ಅಮೆರಿಕದ ಅತ್ಯುನ್ನತ ಸೇನಾ ಗೌರವವಾದ ಮೆಡಲ್ ಆಫ್ ಆನರ್ ದೊರೆಯಿತು. ಆದರೆ ಅವರು ಓಡಿಸುತ್ತಿದ್ದುದು ಮಾರ್ಕ್ 1, ನಿಮ್ಮ ಮೇಜಿನ ಮೇಲಿರುವುದು ಮಾರ್ಕ್ 2. ಮಾರ್ಕ್ 1 ಸುಮಾರು 31 ಅಡಿ ಉದ್ದ, ಹತ್ತೂವರೆ ಅಡಿ ಅಗಲ. ಮಾರ್ಕ್ 2 ಸುಮಾರು 32 ಅಡಿ ಉದ್ದವಿದ್ದು ಅಗಲದಲ್ಲಿ ಒಂದಡಿ ಹೆಚ್ಚು. ಸಂಖ್ಯೆ ಬರೆಯುವುದಕ್ಕೆ ಯಾರೂ ತಡೆಯುವುದಿಲ್ಲ, ಆದರೆ ತಿಳಿದವರು ನೋಡಿದರೆ ಮೊದಲು ಕೇಳುವುದು ಅದನ್ನೇ.

ಫೈಬರ್ ಕೆಲಸದವ (ಮಂಜೇಶ್ವರ):

ಮಾಷ್ಟ್ರು ಒಡಲು ಫೈಬರಿನದೆಂದು ಹೇಳಿದ ಮೇಲೆ ನನಗೆ ಮಾತಾಡಲು ಧೈರ್ಯ ಬಂತು. ನಾನು ಮಾದರಿ ಮಾಡುವವನಲ್ಲ, ದೊಡ್ಡ ದೋಣಿಗಳ ಒಡಕನ್ನು ಮುಚ್ಚುವವನು. ಚಂದ್ರಗಿರಿಯವರೇ, ಫೈಬರಿಗೆ ತುಕ್ಕು ಹಿಡಿಯುವುದಿಲ್ಲ. ನಿಮ್ಮ ಅಕ್ಕನ ಮಗ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನೀವು ಬಳಿದಿರುವುದು ಕಬ್ಬಿಣದ ಹಡಗಿನ ಮುಪ್ಪನ್ನು.

ಫೈಬರ್ ದೋಣಿ ಹೇಗೆ ಮುದಿಯಾಗುತ್ತದೆ ಎಂಬುದನ್ನು ದಿನವೂ ನೋಡುತ್ತೇನೆ. ಮೊದಲು ಹೊಳಪು ಹೋಗುತ್ತದೆ. ಬಿಸಿಲು ಬೀಳುವ ಮೇಲ್ಮೈಯನ್ನು ಬೆರಳಿನಿಂದ ಉಜ್ಜಿದರೆ ಸುಣ್ಣದ ಹಾಗೆ ಪುಡಿ ಹತ್ತುತ್ತದೆ. ಆಮೇಲೆ ಮರಳಿನ ಮೇಲೆ ಎಳೆದ ಕಡೆ, ಅಂದರೆ ತಳದ ನಡುವಿನ ಏಣಿನಲ್ಲಿ, ಮೇಲ್ಪದರ ಸವೆದು ಒಳಗಿನ ಗಾಜಿನ ನಾರಿನ ಮ್ಯಾಟಿನ ಎಳೆಗಳು ಕಾಣುತ್ತವೆ. ಆ ಎಳೆಗಳು ಒಣಗಿದಾಗ ಬೂದುಬಿಳಿ, ನೀರು ಕುಡಿದಾಗ ಕಂದು. ಏನಾದರೂ ಬಲವಾಗಿ ತಾಗಿದಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಒಂದು ಬಿಂದುವಿನಿಂದ ಸುತ್ತಲೂ ಹರಡಿರುತ್ತವೆ, ಮತ್ತು ಆ ಬಿರುಕುಗಳಲ್ಲಿ ಕೊಳೆ ಕೂತು ಕಪ್ಪಾಗಿರುತ್ತದೆ. ತುಕ್ಕು ಕಾಣುವುದು ಉಕ್ಕಿನ ಬೋಲ್ಟ್ ಹಾಕಿದಲ್ಲಿ ಮಾತ್ರ, ಅದೂ ಒಂದು ಗೇಣು ಉದ್ದಕ್ಕೆ. ನಿಮ್ಮ ಅಳತೆಯಲ್ಲಿ ಒಂದು ಗೇಣು ಎಂದರೆ ಆರು ಮಿಲಿಮೀಟರಿನಷ್ಟು ಇರಬಹುದು.

ಬದಿಯಡ್ಕ ಕುಂಚ:

ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಸ್ವಲ್ಪ ತಕರಾರಿದೆ. 28 ಸೆಂಟಿಮೀಟರ್ ಉದ್ದದ ವಸ್ತುವನ್ನು ಎರಡಡಿ ದೂರದಿಂದ ನೋಡುವ ಕಣ್ಣಿಗೆ, ಇದ್ದದ್ದನ್ನು ಇದ್ದ ಹಾಗೆ ಕುಗ್ಗಿಸಿದರೆ ಏನೂ ಕಾಣಿಸುವುದಿಲ್ಲ. ಯಕ್ಷಗಾನದ ಬಣ್ಣದ ವೇಷದಲ್ಲಿ ಚುಟ್ಟಿ ಇಡುವವರು ಮನುಷ್ಯನ ಮುಖ ಹೀಗೆಯೇ ಇದೆಯೆಂದು ಇಡುವುದಿಲ್ಲ. ದೂರದ ದೀಪಕ್ಕೆ ಏನು ಬೇಕೋ ಅದನ್ನು ಇಡುತ್ತಾರೆ. ತುಕ್ಕಿನ ಗೆರೆ ಕೂಡ ಅಂಥದೊಂದು ಉಪಾಯ. ಅದಿಲ್ಲದೆ ಇಡೀ ದೋಣಿ ಒಂದೇ ಹಸಿರು ಮುದ್ದೆಯಂತೆ ಕಂಡರೆ ನೋಡುವವರ ಕಣ್ಣು ಎಲ್ಲಿ ನಿಲ್ಲಬೇಕು?

ಫೈಬರ್ ಕೆಲಸದವ (ಮಂಜೇಶ್ವರ):

ಕಣ್ಣು ನಿಲ್ಲಲು ತುಕ್ಕೇ ಬೇಕೆಂದೇನಿಲ್ಲ. ಅಂಚನ್ನು ನೋಡಿ. ಗಸ್ತು ದೋಣಿಯ ಕೆಲಸ ಏನು? ಬಂದ ದೋಣಿಗಳನ್ನು ತಡೆದು ಪಕ್ಕಕ್ಕೆ ನಿಲ್ಲಿಸಿ ಒಳಗೇನಿದೆ ಎಂದು ನೋಡುವುದು. ಒಂದು ದೋಣಿಯನ್ನು ಇನ್ನೊಂದರ ಪಕ್ಕಕ್ಕೆ ತಂದು ಹಿಡಿದುಕೊಂಡವರಿಗೆ ಗೊತ್ತು, ನೀರು ಎಷ್ಟೇ ಶಾಂತವಾಗಿದ್ದರೂ ಎರಡೂ ಒಂದೇ ಲಯದಲ್ಲಿ ಏಳುವುದಿಲ್ಲ. ಒಂದು ಏಳುವಾಗ ಇನ್ನೊಂದು ಇಳಿದು ಅಂಚು ಕರಕರ ಉಜ್ಜುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಆ ಭಾಗದ ಬಣ್ಣ ನಿಲ್ಲುವುದುಂಟೇ?

ಕುಂಬಳೆ ಮಾಷ್ಟ್ರು:

ಅದು ಬರೀ ಊಹೆಯಲ್ಲ, ದಾಖಲಾದ ಸಂಗತಿ. ಮಾರ್ಕ್ 1ರ ಫೈಬರ್ ಅಂಚು, ತಪಾಸಣೆಗೆ ನಿಲ್ಲಿಸಿದ ಸಾಂಪಾನ್ ಎಂಬ ಸ್ಥಳೀಯ ಮರದ ದೋಣಿಗಳಿಗೆ ಉಜ್ಜಿ ಉಜ್ಜಿ ಹಾಳಾಗುತ್ತಿದ್ದುದರಿಂದಲೇ ಮಾರ್ಕ್ 2ಕ್ಕೆ ಅಲ್ಯೂಮಿನಿಯಂ ಅಂಚುಪಟ್ಟಿ ಕೊಟ್ಟರು. ಆದ್ದರಿಂದ ಕುಂಚದವರು ಕೇಳಿದ ಕಣ್ಣು ನಿಲ್ಲುವ ಜಾಗ ಇದೇ. ಅಂಚಿನಲ್ಲಿ ಹಸಿರು ಸವೆದು ಬೆಳ್ಳಿಬಣ್ಣ ಇಣುಕಬೇಕು; ಅದೂ ಒಂದೇ ಸಮನಾಗಿ ಅಲ್ಲ, ದೋಣಿಯ ನಡುಭಾಗದಲ್ಲಿ, ಸಿಬ್ಬಂದಿ ಕೈಚಾಚಿ ಇನ್ನೊಂದು ದೋಣಿಯನ್ನು ಹಿಡಿಯುವ ಕಡೆ, ಹೆಚ್ಚು. ಮೂತಿಯ ಕಡೆಗೆ ಬಂದಂತೆ ಕಡಿಮೆ. ಒಟ್ಟು ನಾಲ್ಕು ಜನ ಸಿಬ್ಬಂದಿ. ಅವರ ಕಾಲು ಓಡಾಡುವ ದಾರಿಯನ್ನೂ ಯೋಚಿಸಿ. ಮುಂದಿನ ಗುಂಡಿಯಲ್ಲಿ ಜೋಡಿ .50 (ಅರ್ಧ ಇಂಚು ನಳಿಗೆಯ) ಮಶೀನ್‌ಗನ್ನಿನವನು ಇಳಿಯುವ ಹತ್ತುವ ಜಾಗ, ಹಿಂದಿನ ಒಂಟಿ .50ರ ಸುತ್ತಲಿನ ಜಾಗ, ಇವೆರಡರ ನಡುವಿನ ಓಣಿ.

ಬದಿಯಡ್ಕ ಕುಂಚ:

ಸೋತೆ ಮಾಷ್ಟ್ರೇ. ಬೆಳ್ಳಿ ಅಂಚು ತುಕ್ಕಿಗಿಂತ ಚೆನ್ನಾಗಿ ಕಾಣುತ್ತದೆ ಎಂಬುದನ್ನೂ ಒಪ್ಪುತ್ತೇನೆ.

ಹಾಗಾದರೆ ಚಂದ್ರಗಿರಿಯವರು ಈಗ ಮಾಡಬೇಕಾದದ್ದು ಇದು. ತುಕ್ಕಿನ ಗೆರೆಗಳನ್ನು ಎಣ್ಣೆಬಣ್ಣದಲ್ಲಿ ಎಳೆದಿದ್ದರೆ, ಕೆಳಗಿನ ಹಸಿರು ಆಕ್ರಿಲಿಕ್ ಆಗಿದ್ದರೆ, ಹತ್ತಿಬಟ್ಟೆಗೆ ತುಸು ಟರ್ಪೆಂಟೈನ್ ಹಚ್ಚಿ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಒರೆಸಿದರೆ ಬರುತ್ತದೆ. ಪೂರ್ತಿ ಹೋಗದಿದ್ದರೂ ಚಿಂತೆಯಿಲ್ಲ, ಉಳಿದ ಛಾಯೆ ಕೆಸರಿನ ಕಲೆಯಾಗಿ ಉಪಯೋಗಕ್ಕೆ ಬರುತ್ತದೆ. ಯಾವ ಕಾರಣಕ್ಕೂ ಬಣ್ಣದಂಗಡಿಯ ಲ್ಯಾಕರ್ ಥಿನ್ನರ್ ಮುಟ್ಟಿಸಬೇಡಿ, ಪ್ಲಾಸ್ಟಿಕ್ಕೇ ಕರಗುತ್ತದೆ. ಆಮೇಲೆ ಮೂಲ ಹಸಿರಿಗೆ ಸ್ವಲ್ಪ ಮಾಸಲು ಹಳದಿ ಬೆರೆಸಿ, ಬಿಸಿಲು ಬೀಳುವ ಅಡ್ಡ ಮೇಲ್ಮೈಗಳ ಮೇಲೆ ಮಾತ್ರ ತೆಳುವಾಗಿ ಏರ್‌ಬ್ರಷ್ ಹೊಡೆಯಿರಿ. ಫೈಬರಿನವರು ಹೇಳಿದ ಸುಣ್ಣದ ಪುಡಿ ಅದೇ.

ಇದನ್ನು ಮಳೆ ಬಿಟ್ಟ ದಿನವೇ ಮಾಡಬೇಕು. ನಮ್ಮ ಕಡೆಯ ಆಷಾಢದಲ್ಲಿ ಏರ್‌ಬ್ರಷ್ ಹಿಡಿದರೆ, ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ. ಒಣಗಿದ ಮೇಲೆ ಬಣ್ಣದ ಮೇಲೆ ಹಾಲಿನಂಥ ಮಬ್ಬು ನಿಲ್ಲುತ್ತದೆ.

ಅಡೂರು ತೋಟ:

ಒಣಗಿಸುವ ಮಾತು ಬಂದದ್ದರಿಂದ ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಎರಡು ಮಳೆಗಾಲದ ಹಿಂದೆ ಇದೇ ದೋಣಿಯನ್ನು ಮಾಡುತ್ತಿದ್ದೆ. ಬಣ್ಣ ಮೂರು ದಿನವಾದರೂ ಕೈಗೆ ಅಂಟುತ್ತಿತ್ತು. ಅಡಿಕೆ ಒಣಗುವ ಅಟ್ಟದಲ್ಲಿ ದೋಣಿಯೂ ಒಣಗಲಾರದೇ ಎಂದು ಒಲೆಯ ಮೇಲಿನ ಅಟ್ಟದಲ್ಲಿ ರಾತ್ರಿ ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಬಣ್ಣವೇನೋ ಒಣಗಿತ್ತು, ಆದರೆ ಹಿಂಬದಿಯ ಒಡಲು ಬಾಳೆಕಾಯಿಯಂತೆ ಬಾಗಿತ್ತು, ಉದ್ದದ ಎರಡು ಆಂಟೆನಾಗಳು ನಮಸ್ಕಾರ ಮಾಡುವ ಭಂಗಿಯಲ್ಲಿದ್ದವು, ಮತ್ತು ಎಲ್ಲದರ ಮೇಲೂ ಒಂದು ಪದರ ಮಸಿ. ಆ ಮಸಿಯ ಬಣ್ಣ ಮಾತ್ರ ಯಾವ ಏರ್‌ಬ್ರಷ್‌ನಿಂದಲೂ ಬಾರದಷ್ಟು ಸಹಜವಾಗಿತ್ತು ಎಂದು ಈಗಲೂ ಅನಿಸುತ್ತದೆ. ಈಗ ಒಂದು ರಟ್ಟಿನ ಪೆಟ್ಟಿಗೆಯಲ್ಲಿ 40 ವ್ಯಾಟಿನ ಹಳೆಯ ಬಲ್ಬು ಉರಿಸಿ, ದೋಣಿಯನ್ನು ಅದರಿಂದ ಒಂದಡಿ ದೂರ ಇಡುತ್ತೇನೆ.

ಪಂಪಿನ ವಿಷಯದಲ್ಲಿ ಒಂದು ಮಾತು. ಈ ದೋಣಿಗಳ ಜೆಟ್ ಪಂಪುಗಳನ್ನು ಮಾಡಿದ್ದು ಜಕೂಜಿ ಸಹೋದರರ ಕಂಪೆನಿ. ಸ್ನಾನದ ತೊಟ್ಟಿಯಿಂದ ಹೆಸರು ಪಡೆಯುವ ಮೊದಲು ಅವರು ಕೃಷಿಗೆ ನೀರೆತ್ತುವ ಪಂಪುಗಳನ್ನು ಮಾಡುತ್ತಿದ್ದವರು. ಪಯಸ್ವಿನಿಗೆ ಪಂಪು ಇಟ್ಟು ತೋಟಕ್ಕೆ ನೀರು ಹಾಯಿಸುವ ನಮಗೆ ಅದರ ಕಷ್ಟ ವಿವರಿಸಬೇಕಾಗಿಲ್ಲ: ಕಸ, ಪಾಚಿ, ಎಲೆ ಬಂದು ಜಾಲರಿಗೆ ಕೂತರೆ ಮುಗಿಯಿತು. ಆ ದೋಣಿಗಳಿಗೂ ಅದೇ ಕಾಟವಿತ್ತು. ಆದ್ದರಿಂದ ದೋಣಿಯನ್ನು ನೀರಿನಲ್ಲಿ ತೋರಿಸದೆ ಪೂರ್ತಿ ಒಡಲು ಕಾಣುವಂತೆ ಇಡುವವರು ತಳದ ಜಾಲರಿಗೆ ನಾಲ್ಕು ಎಳೆ ಹಸಿರು ನೂಲನ್ನು ಸಿಕ್ಕಿಸಿದರೆ ನೋಡಿದವರಿಗೆ ಸಂತೋಷವಾದೀತು.

ಚಂದ್ರಗಿರಿ ದಡ (ಕಾಸರಗೋಡು):

ಎಲ್ಲರಿಗೂ ಕೃತಜ್ಞತೆಗಳು. ತುಕ್ಕು ಒರೆಸಿದೆ, ಎರಡು ಸಂಜೆ ಹಿಡಿಯಿತು. 105ರ ಆಸೆಯನ್ನು ಬಿಟ್ಟಿದ್ದೇನೆ. ಅಂಚಿಗೆ ಬೆಳ್ಳಿಬಣ್ಣವನ್ನು ಸ್ಪಂಜಿನ ಚೂರಿನಿಂದ ಒತ್ತಿ ನೋಡಿದೆ. ಮೊದಲ ಸಲ ಅದು ಕೆಲಸ ಮಾಡಿದ ದೋಣಿಯಂತೆ ಕಂಡಿತು.

ನನಗೆ ನೀರಿನಲ್ಲಿ ನಿಂತ ದೋಣಿಯೇ ಬೇಕು. ಎರಡು ಅಡಿ ಎಂದರೆ 61 ಸೆಂಟಿಮೀಟರ್, ಅದನ್ನು 35ರಿಂದ ಭಾಗಿಸಿದರೆ ಒಂದು ಮುಕ್ಕಾಲು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಅಷ್ಟು ಆಳಕ್ಕೆ ಥರ್ಮೋಕೋಲ್ ಕೊರೆದು ದೋಣಿಯನ್ನು ಕೂರಿಸಿ, ಮೇಲೆ ರೆಸಿನ್ ಸುರಿಯುವ ಯೋಚನೆ ಇದೆ. ದಡದಲ್ಲಿ ತೆಂಗಿನ ಮರಗಳನ್ನು ನಿಲ್ಲಿಸಲೇ? ಫೈಬರಿನವರಲ್ಲಿ ದೋಣಿಯ ರೆಸಿನ್ ಒಂದು ಲೀಟರ್ ಸಿಕ್ಕಿದರೆ ಉಪಕಾರ.

ಫೈಬರ್ ಕೆಲಸದವ (ಮಂಜೇಶ್ವರ):

ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ಕೊಡುವುದಿಲ್ಲ. ನಾವು ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದರಲ್ಲಿರುವ ಸ್ಟೈರೀನ್ ಥರ್ಮೋಕೋಲನ್ನು ನುಂಗಿಬಿಡುತ್ತದೆ; ಥರ್ಮೋಕೋಲಿನ ಮೇಲೆ ಒಂದು ತೊಟ್ಟು ಹಾಕಿ ನೋಡಿ, ಬಿಸಿ ಕಬ್ಬಿಣ ಇಟ್ಟ ಬೆಣ್ಣೆಯಂತೆ ಕುಳಿ ಬೀಳುತ್ತದೆ. ನಿಮ್ಮ ದೋಣಿಯ ಪ್ಲಾಸ್ಟಿಕ್ ಕೂಡ ಪಾಲಿಸ್ಟೈರೀನೇ ಅಲ್ಲವೇ? ನಿಜವಾದ ದೋಣಿಯನ್ನು ಕಟ್ಟುವ ವಸ್ತುವೇ ನಿಮ್ಮ ಪುಟ್ಟ ದೋಣಿಯ ತಳವನ್ನು ತಿಂದುಹಾಕುತ್ತದೆ.

ಬದಿಯಡ್ಕ ಕುಂಚ:

ಇಪಾಕ್ಸಿ ರೆಸಿನ್ ತೆಗೆದುಕೊಳ್ಳಿ, ಅದು ಥರ್ಮೋಕೋಲನ್ನು ಮುಟ್ಟುವುದಿಲ್ಲ. ಒಂದೇ ಸಲ ಸುರಿಯಬೇಡಿ. ದಪ್ಪ ಹೆಚ್ಚಾದರೆ ಅದು ಗಟ್ಟಿಯಾಗುವಾಗ ತನ್ನಷ್ಟಕ್ಕೆ ಕಾಯುತ್ತದೆ. ಮೂರು ನಾಲ್ಕು ಮಿಲಿಮೀಟರಿನ ಪದರದಂತೆ, ಒಂದು ಗಟ್ಟಿಯಾದ ಮೇಲೆ ಇನ್ನೊಂದು. ತೇವದ ದಿನ ಸುರಿದರೆ ಮೇಲ್ಮೈ ಮಬ್ಬಾಗಿ ಜಿಡ್ಡು ಹಿಡಿಯುತ್ತದೆ, ಆದ್ದರಿಂದ ಇದಕ್ಕೂ ಒಣ ದಿನವೇ ಬೇಕು. ಕಂದು ನೀರಿಗೆ ಪಾರದರ್ಶಕ ರೆಸಿನ್ ಆಳವಾಗಿ ಸುರಿಯುವುದು ದುಡ್ಡು ದಂಡ ಎಂಬುದು ನನ್ನ ಅಭಿಪ್ರಾಯ. ಆ ನದಿಯಲ್ಲಿ ತಳ ಯಾರಿಗೆ ಕಾಣುತ್ತದೆ? ಥರ್ಮೋಕೋಲಿನ ಮೇಲೆ ತೆಳು ಕಾಗದವನ್ನು ಫೆವಿಕಾಲಿನಲ್ಲಿ ನೆನೆಸಿ ಸಣ್ಣ ಅಲೆಗಳಂತೆ ಸುಕ್ಕುಗಟ್ಟಿಸಿ, ಅದಕ್ಕೆ ಕೆಸರುಬಣ್ಣ ಬಳಿದು, ಮೇಲೆ ಒಂದೇ ಒಂದು ಪದರ ರೆಸಿನ್ ಸಾಕು. ದೋಣಿ ನಿಂತಿದೆಯಾದ್ದರಿಂದ ಹಿಂದೆ ನೊರೆ ಹಾಕಬೇಡಿ. ಪೂರ್ಣ ವೇಗ 25 ನಾಟ್‌ಗೂ ಮೇಲೆ ಇತ್ತು. ಆ ವೇಗದಲ್ಲಿ ಓಡುವುದನ್ನು ತೋರಿಸುವುದಾದರೆ ಮೂತಿ ಎತ್ತಿ, ಹಿಂದೆ ಎರಡು ನೀರಿನ ಧಾರೆ ಬೇಕಾಗುತ್ತದೆ, ಅದು ಬೇರೆಯೇ ಕೆಲಸ.

ಕಾಂಡ್ಲದ ಹುಡುಗಿ (ಮೊಗ್ರಾಲ್):

ಸಸ್ಯಶಾಸ್ತ್ರದ ವಿದ್ಯಾರ್ಥಿನಿಯಾಗಿ ದಡದ ಬಗ್ಗೆ ಹೇಳಬಹುದೇ? ಮೆಕಾಂಗ್ ಸೀಮೆಯಲ್ಲಿ ತೆಂಗು ಧಾರಾಳವಾಗಿದೆ, ನಿಲ್ಲಿಸಿದರೆ ತಪ್ಪಲ್ಲ. ಆದರೆ ಬರೀ ತೆಂಗು ನಿಲ್ಲಿಸಿದರೆ ನಿಮ್ಮ ನದಿ ಚಂದ್ರಗಿರಿಯೇ ಆಗಿಬಿಡುತ್ತದೆ. ಅಲ್ಲಿನ ಉಪ್ಪುನೀರು ಏರುವ ಕಾಲುವೆಗಳ ಅಂಚಿನಲ್ಲಿ ಎದ್ದು ಕಾಣುವುದು ನೀಪಾ ತಾಳೆ. ಸುಂದರಬನದಲ್ಲಿ ಗೋಲ್‌ಪಾತಾ ಎಂದು ಕರೆಯುವುದು ಇದನ್ನೇ. ಇದಕ್ಕೆ ಮೇಲೆ ಕಾಣುವ ಕಾಂಡವೇ ಇಲ್ಲ. ಕಾಂಡ ಕೆಸರಿನೊಳಗೆ ಮಲಗಿ ಬೆಳೆಯುತ್ತದೆ, ಗರಿಗಳು ಮಾತ್ರ ಕೆಸರಿನಿಂದ ನೇರವಾಗಿ ಎದ್ದು ನಿಲ್ಲುತ್ತವೆ. ಕಾಂಡವಿಲ್ಲದ ತೆಂಗಿನ ಮರವೊಂದನ್ನು ನದಿಯ ಅಂಚಿನಲ್ಲಿ ನೆಟ್ಟ ಹಾಗೆ. ಗರಿಗಳು ಒಂಬತ್ತು ಮೀಟರಿನವರೆಗೂ ಬೆಳೆಯಬಲ್ಲವು. ಲೆಕ್ಕ ಹಾಕಿ ನೋಡಿದರೆ 1/35ರಲ್ಲಿ ಸುಮಾರು 26 ಸೆಂಟಿಮೀಟರ್, ಹೆಚ್ಚುಕಡಿಮೆ ನಿಮ್ಮ ದೋಣಿಯಷ್ಟೇ ಉದ್ದ! ಇಷ್ಟೆತ್ತರದ ಹಸಿರು ಗೋಡೆಯ ಪಕ್ಕದಲ್ಲಿ ಹೋಗುವವರಿಗೆ ಅದರ ಹಿಂದೆ ಏನಿದೆಯೆಂದು ಕಾಣುತ್ತಲೇ ಇರಲಿಲ್ಲ.

ಗರಿ ಮಾಡಲು ಹಿಡಿಸೂಡಿಯ ಕಡ್ಡಿ ಒಳ್ಳೆಯದು. ಕಡ್ಡಿಯನ್ನೇ ನಡುನರವಾಗಿಟ್ಟು, ಎರಡೂ ಬದಿಗೆ ಕಾಗದ ಅಂಟಿಸಿ, ಬಾಚಣಿಗೆಯ ಹಲ್ಲಿನಂತೆ ಓರೆಯಾಗಿ ಕತ್ತರಿಸಿದರೆ ಸಾಕು. ನಮ್ಮ ಕುಂಬಳೆ ಹೊಳೆಯ ಕಾಂಡ್ಲದ (ಮ್ಯಾಂಗ್ರೋವ್ ಗಿಡದ) ಬುಡದಲ್ಲಿ ಪೆನ್ಸಿಲಿನಂತೆ ಮೇಲಕ್ಕೆ ಚುಚ್ಚಿ ನಿಂತ ಉಸಿರಾಟದ ಬೇರುಗಳನ್ನು ನೋಡಿರಬಹುದು. ಕಾಂಡ್ಲ ಅಲ್ಲೂ ಇದೆ. ಸೈಗಾನ್ ಮತ್ತು ಸಮುದ್ರದ ನಡುವಿನ ರುಂಗ್ ಸಾಟ್ ಪ್ರದೇಶವಿಡೀ ಅಂಥ ಕಾಡೇ. ಅಂಥ ಬೇರುಗಳಿಗೆ ಹಳೆಯ ಕುಂಚದ ಗಡಸು ಕೂದಲನ್ನು ಆರು ಮಿಲಿಮೀಟರಿಗೆ ಕತ್ತರಿಸಿ ಚುಚ್ಚಿ, ಆದರೆ ಸಾಲಾಗಿ ಚುಚ್ಚಬೇಡಿ.

ಕುಂಬಳೆ ಮಾಷ್ಟ್ರು:

ಇದು ಬಹಳ ಒಳ್ಳೆಯ ಮಾತು ಮಗಳೇ. ಕಾಂಡವಿಲ್ಲದ ತಾಳೆಯ ಗುಂಪುಗಳನ್ನು ಛಾಯಾಚಿತ್ರಗಳಲ್ಲಿ ನೋಡಿದ್ದೇನೆ, ತೆಂಗಿನ ಸಸಿಗಳೆಂದೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಫೈಬರ್ ಕೆಲಸದವ (ಮಂಜೇಶ್ವರ):

ಒಂದು ವಿಷಯ ಬಿಟ್ಟುಹೋಗಿದೆ, ನೀರಿನ ಗೆರೆ. ಉಬ್ಬರ ಇಳಿತ ಇರುವ ಹೊಳೆಯಲ್ಲಿ ಕಟ್ಟಿಹಾಕಿದ ದೋಣಿಯ ಒಡಲಿನ ಮೇಲೆ ಒಂದೇ ಗೆರೆ ಇರುವುದಿಲ್ಲ. ನೀರಿಗೆ ತಾಗಿಕೊಂಡು ಬೆರಳಗಲದ ಪಾಚಿಯ ಪಟ್ಟಿ, ಅದು ಯಾವಾಗಲೂ ಒದ್ದೆಯಾಗಿರುವುದರಿಂದ ಕಪ್ಪುಹಸಿರು, ಹೊಳಪು. ಅದರ ಮೇಲೆ ಒಣಗಿದ ಕೆಸರಿನ ಪಟ್ಟಿ, ತಿಳಿ ಬಣ್ಣ, ಹೊಳಪಿಲ್ಲ. ಭಾರ ಇಳಿಸಿದಾಗ ದೋಣಿ ಮೇಲೇಳುತ್ತದಾದ್ದರಿಂದ ಕೆಸರಿನ ಪಟ್ಟಿಯೊಳಗೇ ಎರಡು ಮೂರು ತೆಳ್ಳನೆಯ ಗೆರೆಗಳು, ಬಸಳೆ ಸಾರು ಕುದಿದಿಳಿದ ಪಾತ್ರೆಯ ಒಳಬದಿಯಲ್ಲಿ ಕಾಣುವಂತೆ. ನೀವು ಅಂಚನ್ನು ಎಷ್ಟೇ ಚೆನ್ನಾಗಿ ಮಾಡಿ, ಈ ಪಟ್ಟಿ ಇಲ್ಲದಿದ್ದರೆ ದೋಣಿಯನ್ನು ಆಗಷ್ಟೇ ತಂದು ನೀರಿಗಿಟ್ಟಂತೆ ಕಾಣುತ್ತದೆ.

ಚಂದ್ರಗಿರಿ ದಡ (ಕಾಸರಗೋಡು):

ನಿಮ್ಮ ಮಾತು ಓದಿದ ಮೇಲೆ ನಿನ್ನೆ ಸಂಜೆ ಸೇತುವೆಯ ಕೆಳಗೆ ಇಳಿದು ಒಂದು ಹಳೆಯ ದೋಣಿಯನ್ನು ಅರ್ಧ ಗಂಟೆ ನೋಡಿದೆ. ಪಟ್ಟಿಗಳು ನೀವು ಹೇಳಿದಂತೆಯೇ ಇದ್ದವು. ನನ್ನ ಮನೆಯಿಂದ ಹೊಳೆಗೆ ಹತ್ತು ನಿಮಿಷದ ನಡಿಗೆ. ನಾಲ್ಕು ತಿಂಗಳು ಕಂಪ್ಯೂಟರಿನಲ್ಲಿ ಯುದ್ಧನೌಕೆಗಳ ತುಕ್ಕಿನ ಚಿತ್ರಗಳನ್ನು ನೋಡುತ್ತ ಕೂತಿದ್ದೆ ಎಂಬುದು ನಾಚಿಕೆಯ ಸಂಗತಿ.

ಕೆಸರಿಗೆ ಬಣ್ಣದ ಬದಲು ಹೊಳೆಯ ಕೆಸರನ್ನೇ ಬಳಸಬಹುದೇ? ಮಳೆಗಾಲದ ನಮ್ಮ ನೀರು ಜಂಬಿಟ್ಟಿಗೆಯ ಕೆಂಪು. ಮೆಕಾಂಗಿನದು ಹಾಲು ಹೆಚ್ಚಾದ ಕಾಫಿಯಂತಿದೆ. ಕೆಂಪು ಹೊಂದುವುದಿಲ್ಲವೆಂಬ ಅನುಮಾನವಿದೆ.

ಬದಿಯಡ್ಕ ಕುಂಚ:

ಗುಡ್ಡದ ಮಣ್ಣು ಬೇಡ. ಇಳಿತದಲ್ಲಿ ಕಾಂಡ್ಲದ ಬುಡದಲ್ಲಿ ಸಿಗುವ ಬೂದು ಕೆಸರನ್ನು ತೆಗೆದುಕೊಳ್ಳಿ, ಅದು ಹೊಂದುತ್ತದೆ. ಆದರೆ ಅದರಲ್ಲಿ ಉಪ್ಪಿರುತ್ತದೆ. ಹಾಗೆಯೇ ಬಳಸಿದರೆ ಕೆಲವು ತಿಂಗಳ ಮೇಲೆ ದೋಣಿಯ ಮೇಲೆ ಬಿಳಿ ಹೂ ಬಿಡುತ್ತದೆ. ಸಿಹಿನೀರಿನಲ್ಲಿ ಎರಡು ಮೂರು ಸಲ ಕಲಸಿ, ತಿಳಿಯಾದ ನೀರನ್ನು ಬಸಿದು, ಒಣಗಿಸಿ, ಅರೆದು, ತೆಳು ಬಟ್ಟೆಯಲ್ಲಿ ಸೋಸಿ. ಸಿಕ್ಕಿದ ಹುಡಿಯನ್ನು ತುಸು ಫೆವಿಕಾಲ್ ನೀರಿನೊಂದಿಗೆ ಹಚ್ಚಿ.

ಫೈಬರ್ ಕೆಲಸದವ (ಮಂಜೇಶ್ವರ):

ಭಾನುವಾರ ನಾನು ಒಂದು ದೋಣಿ ನೋಡಲು ಮೊಗ್ರಾಲಿಗೆ ಬರುವುದಿದೆ. ಬೆಳಿಗ್ಗೆ ಇಳಿತ ಇರುತ್ತದೆ. ಚಂದ್ರಗಿರಿಯವರು ಬರುವುದಾದರೆ ಎರಡು ಡಬ್ಬಿ ತನ್ನಿ, ಹಳೆಯ ಲುಂಗಿ ಉಟ್ಟು ಬನ್ನಿ. ಆ ಕೆಸರು ಬಟ್ಟೆಯಿಂದ ಹೋಗುವುದಿಲ್ಲ. ದೋಣಿಯನ್ನೂ ತಂದರೆ ಒಳ್ಳೆಯದು, ಅಂಚು ಎಷ್ಟು ಸವೆಯಬೇಕೆಂದು ಪಕ್ಕದಲ್ಲಿಟ್ಟು ನೋಡೋಣ.

ಚಂದ್ರಗಿರಿ ದಡ (ಕಾಸರಗೋಡು):

ಬರುತ್ತೇನೆ. ಅಕ್ಕನ ಮಗನನ್ನೂ ಕರೆದುಕೊಂಡು ಬರುತ್ತೇನೆ.